ಮುನಿರಾಜಣ್ಣನ ಹೆಬ್ಬೆರಳಿನ ಉಗುರು

ಮುನಿರಾಜಣ್ಣನ ಬಲಗೈ ಹೆಬ್ಬೆರಳಿನ ಉಗುರು ಬೆರಳಿಗಿಂತ ಅರ್ಧ ಅಂಗುಲ ಮುಂದಿತ್ತು. ಮಿಕ್ಕ ಒಂಬತ್ತು ಉಗುರುಗಳನ್ನು ಭಾನುವಾರ ಭಾನುವಾರ ತಪ್ಪದೆ ಕತ್ತರಿಸುತ್ತಿದ್ದವರು ಅದೊಂದನ್ನು ಮಾತ್ರ ಸಣ್ಣ ಅರದಿಂದ ಓರೆಯಾಗಿ ಉಜ್ಜಿ ಇಟ್ಟುಕೊಂಡಿದ್ದರು. ಎಮ್ಮೆಕೊಂಬಿನ ಬಣ್ಣಕ್ಕೆ ತಿರುಗಿದ್ದ ಆ ಉಗುರನ್ನು ಕೈಗಡಿಯಾರದ ಹಿಂದಿನ ಮುಚ್ಚಳದ ಸಂದಿಗಿಟ್ಟು ಸ್ವಲ್ಪ ಮೀಟಿದರೆ ಸಾಕು, ಟಕ್ ಎಂದು ಮುಚ್ಚಳ ಬಿಚ್ಚಿಕೊಳ್ಳುತ್ತಿತ್ತು. ಆ ಕೆಲಸಕ್ಕೆಂದೇ ಸಣ್ಣ ಚಾಕು ಸಿಗುತ್ತದೆ. ಅವರ ಮೇಜಿನ ಮೇಲೂ ಒಂದಿತ್ತು. ಅವರು ಅದನ್ನು ನಂಬುತ್ತಿರಲಿಲ್ಲ.

“ಚಾಕು ಜಾರಿದ್ರೆ ಗೀರು ಬೀಳುತ್ತೆ. ಗೀರು ನೋಡಿದ ಗಿರಾಕಿ ಏನಂತಾನೆ? ಒಳಗಿಂದೂ ಏನೋ ಎತ್ತಿದಾನೆ ಅಂತಾನೆ. ಉಗುರು ಗೀರಲ್ಲಮ್ಮ. ಚಾಕು ಯಾರು ಮಾಡಿದ್ದೋ ಏನೋ, ಉಗುರು ನಂದು.”

ಜೋಗುಪಾಳ್ಯದ ಒಳರಸ್ತೆಯಲ್ಲಿ ಒಂದೇ ಮಳಿಗೆಯನ್ನು ಪ್ಲೈವುಡ್ ಹಲಗೆಯಿಂದ ಎರಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಹಲಗೆಯ ಆ ಕಡೆ ಅವರ ವಾಚ್ ರಿಪೇರಿ, ಈ ಕಡೆ ನನ್ನ ಜೆರಾಕ್ಸ್ ಅಂಗಡಿ. ಹಲಗೆ ಎಷ್ಟು ತೆಳುವಾಗಿತ್ತೆಂದರೆ, ಅವರು ಸ್ಪ್ರಿಂಗ್ ಬೀಳಿಸಿಕೊಂಡು ಗೊಣಗುವುದು ನನಗೆ ಕೇಳಿಸುತ್ತಿತ್ತು, ಆಧಾರ್ ಕಾರ್ಡಿನ ಒಂದೇ ಬದಿ ತಂದವರ ಮೇಲೆ ನಾನು ರೇಗುವುದು ಅವರಿಗೆ ಕೇಳಿಸುತ್ತಿತ್ತು. ನಾನು ಅಂಗಡಿ ಹಾಕಿದ ಹೊಸತರಲ್ಲಿ, ತಮ್ಮನ್ನು ಓಡಿಸುವುದಕ್ಕೆ ಮಳಿಗೆಯ ಮಾಲೀಕರೇ ನನ್ನನ್ನು ತಂದು ಕೂರಿಸಿದ್ದಾರೆ ಎಂದು ಅವರಿಗೆ ಗುಮಾನಿ. ಆರು ತಿಂಗಳು ತಮ್ಮ ಕಾಗದಪತ್ರಗಳನ್ನು ಹಲಸೂರು ಕೆರೆಯ ತನಕ ನಡೆದುಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬರುತ್ತಿದ್ದರು. ಏಳನೆಯ ತಿಂಗಳು ನನ್ನಲ್ಲಿಗೆ ಬಂದು ಒಂದು ಖಾಲಿ ಹಾಳೆ ಕೊಟ್ಟರು.

“ಇದನ್ನ ಕಾಪಿ ತೆಗಿ.”

“ಇದರಲ್ಲಿ ಏನೂ ಇಲ್ವಲ್ಲಣ್ಣ?”

“ಅದೇ ನೋಡ್ಬೇಕು. ಏನೂ ಇಲ್ದೇ ಇರೋದಕ್ಕೆ ನಿನ್ನ ಮಿಷಿನ್ನು ಏನಾದ್ರೂ ಸೇರಿಸುತ್ತಾ ಅಂತ.”

ಖಾಲಿ ಹಾಳೆ ಖಾಲಿಯಾಗಿಯೇ ಬಂತು. ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ ಮಡಿಸಿ ಜೇಬಿಗಿಟ್ಟುಕೊಂಡರು. ಅಂದಿನಿಂದ ನಾನು ಪಾಸು. ಆದರೂ ಷರತ್ತುಗಳು ಇದ್ದೇ ಇದ್ದವು. ಕಾಗದವನ್ನು ಅವರೇ ಗಾಜಿನ ಮೇಲೆ ಬೋರಲು ಹಾಕಬೇಕು, ನಾನು ಓದಬಾರದು, ಬಂದ ಹಾಳೆಗಳನ್ನು ಅವರೇ ಎತ್ತಿಕೊಳ್ಳಬೇಕು. “ಜೆರಾಕ್ಸಿನೋರು ಒಂದು ಎಕ್ಸ್‌ಟ್ರಾ ಇಟ್ಕೋತಾರೆ, ನಂಗೊತ್ತು” ಎನ್ನುವುದು ಅವರ ಖಾಯಂ ಮಾತು. ನಾನು ನಗುತ್ತಿದ್ದೆ, ಮನಸ್ಸಿನೊಳಗೆ ‘ಅನುಮಾನದ ಪಿಶಾಚಿ’ ಎಂದು ಬೈದುಕೊಳ್ಳುತ್ತಿದ್ದೆ.

ಅವರ ಗೋಡೆಯ ಮೇಲೆ ಮೂರು ಗಡಿಯಾರಗಳಿದ್ದವು, ಮೂರರಲ್ಲೂ ಬೇರೆ ಬೇರೆ ಹೊತ್ತು. ವಾಚ್ ರಿಪೇರಿಯವರ ಅಂಗಡಿಯಲ್ಲೇ ಹೀಗಾದರೆ ಹೇಗಣ್ಣ ಎಂದು ಒಮ್ಮೆ ಕೆಣಕಿದ್ದೆ. “ಒಂದೇ ಇಟ್ಕೊಂಡೋನು ಅದನ್ನೇ ನಂಬಬೇಕಾಗುತ್ತೆ. ಮೂರಿದ್ರೆ ಯಾರನ್ನೂ ನಂಬೋ ಹಾಗಿಲ್ಲ. ಆರಾಮು” ಎಂದರು. ರಿಪೇರಿಗೆ ವಾಚು ತಂದವರನ್ನು ಎದುರಿಗೇ ಕೂರಿಸಿ, ಮುಚ್ಚಳ ಬಿಚ್ಚಿ, ತಮ್ಮ ಕಣ್ಣಿನ ಭೂತಗನ್ನಡಿಯನ್ನು ಅವರ ಕಣ್ಣಿಗೆ ಕೊಟ್ಟು, ಒಳಗಿನ ನಂಬರನ್ನು ಅವರಿಂದಲೇ ಓದಿಸಿ, ನೋಟ್‌ಬುಕ್ಕಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ಎಷ್ಟೋ ಜನ ಇದೇನು ರಿಜಿಸ್ಟ್ರಾರ್ ಆಫೀಸೇ ಎಂದು ಎದ್ದು ಹೋಗಿದ್ದೂ ಉಂಟು.

ಒಂದು ವಿಷಯದಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ವಾಚಿಗೆ ಏನಾಗಿದೆ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಗಿರಾಕಿ ತಾನೇ ಹೇಳಲು ಬಾಯಿ ತೆರೆದರೆ ಕೈಯೆತ್ತಿ ತಡೆಯುತ್ತಿದ್ದರು. “ನೀವೇ ಹೇಳಿದ್ರೆ ನಾನ್ಯಾಕೆ ಬೇಕು? ಮನುಷ್ಯ ಅರ್ಧ ಸುಳ್ಳು ಹೇಳ್ತಾನೆ. ವಾಚು ಹೇಳ್ಲಿ ಬಿಡಿ.” ನನ್ನ ತಂದೆಯ ಹಳೆಯ ವಾಚನ್ನು ಕೊಟ್ಟಾಗಲೂ ಅಷ್ಟೇ. ಕಿವಿಗೆ ಹಿಡಿದರು, ಉಗುರಿನಿಂದ ಮೀಟಿದರು, ಮೂಸಿ ನೋಡಿದರು. “ಇದನ್ನ ಕಟ್ಕೊಂಡೇ ಸ್ನಾನ ಮಾಡೋರು. ಸೀಗೆಕಾಯಿ” ಎಂದರು. ನಮ್ಮಪ್ಪ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಸೀಗೆಕಾಯಿ ಎನ್ನುವ ಒಂದು ಮಾತಿಗೆ ನಾನು ಅಂಗಡಿಯಲ್ಲೇ ಅತ್ತುಬಿಟ್ಟೆ.

ಇಂಥವರ ಆ ಹೆಬ್ಬೆರಳಿಗೇ ಉಗುರುಸುತ್ತು ಬಂತು.

ಉಗುರಿನ ಸುತ್ತ ಚರ್ಮ ಕೆಂಪಗೆ ಊದಿಕೊಂಡಿತ್ತು. ಉಗುರುಸುತ್ತಿಗೆ ಔಷಧಿ ಹೇಳದವರು ಯಾರು? ಅವರ ಹೆಂಡತಿ ರತ್ನಕ್ಕ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿ ಕಳಿಸಿದರು. ಒಂದು ವಾರ ಮುನಿರಾಜಣ್ಣ ಬಲ ಹೆಬ್ಬೆರಳಿಗೆ ನಿಂಬೆಹಣ್ಣು ಹಾಕಿಕೊಂಡು ಎಡಗೈಯಲ್ಲಿ ಸ್ಕ್ರೂ ತಿರುಗಿಸುವುದನ್ನು ನೋಡಿ ಬೀದಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಅದು ವಾಸಿಯಾಗಲಿಲ್ಲ. ತೋರುಬೆರಳಿಗೆ ಬಂತು, ಎಡಗೈಗೂ ಬಂತು. ಉಗುರುಗಳ ಮೇಲೆ ಅಡ್ಡಡ್ಡ ಗೆರೆಗಳು, ಕೈಯಾಡಿಸಿದರೆ ತಗ್ಗು ಸಿಗುವಂಥ ಗೆರೆಗಳು ಮೂಡಿದವು.

ಮುನಿರಾಜಣ್ಣ ಮೊದಲು ವಾಚು ತೊಳೆಯುವ ಪೆಟ್ರೋಲಿನ ಮೇಲೆ ಅನುಮಾನಪಟ್ಟು ಬಂಕು ಬದಲಾಯಿಸಿದರು. ಆಮೇಲೆ ಹೊಸ ಬ್ಯಾಟರಿಗಳ ಮೇಲೆ, ಆಮೇಲೆ ರತ್ನಕ್ಕನ ಬಟ್ಟೆ ಸೋಪಿನ ಮೇಲೆ. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದರು. ಹೋಗಿ ಬಂದ ದಿನ ಎರಡು ಕೈಗಳನ್ನೂ ಅಂಗೈ ಮೇಲಾಗಿ ನನ್ನ ಮಿಷಿನ್ನಿನ ಗಾಜಿನ ಮೇಲೆ ಊರಿದರು.

“ತೆಗಿ.”

“ಕೈದಾ?”

“ಉಗುರಿಂದು. ನಾಳೆ ಔಷಧಿ ಹಚ್ಚಿ ಇನ್ನೂ ಹಾಳಾದ್ರೆ, ಬರೋವಾಗ್ಲೇ ಹಿಂಗಿತ್ತು ಅಂತಾರೆ. ಸಾಕ್ಷಿ ಇರ್ಲಿ.”

ಹಾಳೆಯ ಮೇಲೆ ಹತ್ತು ಉಗುರುಗಳು ಕಪ್ಪು ಬಿಳುಪಿನಲ್ಲಿ ಬಂದವು, ಒಂದೊಂದರ ಮೇಲೂ ಗೆರೆ. ಮೂಲೆಯಲ್ಲಿ ತಾರೀಖು ಬರೆದುಕೊಂಡರು. ಅದಾದ ಮೇಲೆ ತಿಂಗಳಿಗೊಂದು ಸಲ ಕೈ ತಂದು ಇಡುತ್ತಿದ್ದರು.

ಈಗ ನನ್ನ ಕಥೆ ಹೇಳಬೇಕು, ಅದು ಹೇಳಿಕೊಳ್ಳುವಂಥದ್ದಲ್ಲ. ಅವರು ಕೈ ಇಟ್ಟು ಹೋದ ಮೇಲೆ ನಾನು ಗಾಜನ್ನು ಸ್ಪಿರಿಟ್ ಹಾಕಿ ಎರಡು ಸಲ ಒರೆಸುತ್ತಿದ್ದೆ. ಇಬ್ಬರಿಗೂ ಒಂದೇ ಇದ್ದ ಕುಡಿಯುವ ನೀರಿನ ಕ್ಯಾನನ್ನು ಬಿಟ್ಟು ಮನೆಯಿಂದ ಬಾಟಲಿ ತರತೊಡಗಿದೆ. ಟೀ ಅಂಗಡಿಯವನು ಎಲ್ಲರಿಗೂ ಗಾಜಿನ ಲೋಟದಲ್ಲಿ ಕೊಟ್ಟು ಅವರಿಗೆ ಮಾತ್ರ ಪೇಪರ್ ಕಪ್ಪಿನಲ್ಲಿ ಕೊಡುತ್ತಿದ್ದ. ಒಬ್ಬ ಹೆಂಗಸು ರಿಪೇರಿಯಾದ ವಾಚನ್ನು ಕರ್ಚೀಫಿನಲ್ಲಿ ಹಿಡಿದು ತೆಗೆದುಕೊಂಡು ಹೋದಳು. ದೊಡ್ಡರೋಗ, ಕುಷ್ಠವೇ ಇರಬೇಕು ಎಂದು ಬೀದಿ ಪಿಸುಗುಟ್ಟಿತು. ನಲವತ್ತು ವರ್ಷ ಎಲ್ಲರನ್ನೂ ಅನುಮಾನಿಸಿದ ಮನುಷ್ಯನನ್ನು ಈಗ ಎಲ್ಲರೂ ಸೇರಿ ಅನುಮಾನಿಸುತ್ತಿದ್ದೆವು. ಅವರಿಗೆ ಗೊತ್ತಾಗುತ್ತಿತ್ತು. ಪೇಪರ್ ಕಪ್ಪನ್ನು ಒಂದು ಕ್ಷಣ ನೋಡಿ ಕುಡಿಯುತ್ತಿದ್ದರು.

ಎಂದೂ ಓದದ ನಾನು ಅವರ ಚೀಟಿಗಳನ್ನು ಓದಲು ಶುರುಮಾಡಿದ್ದು ಆಗಲೇ. ನನಗೆ ಅಂಟುತ್ತದೆಯೇ ಎಂಬ ಭಯಕ್ಕೇ ಹೊರತು ಅವರ ಮೇಲಿನ ಕನಿಕರಕ್ಕಲ್ಲ. ಮಿಷಿನ್ನು ಬೆಳಕು ಹಾಯಿಸುವಾಗ ಅವರು ತಿರುಗಿ ತಮ್ಮ ಅಂಗಡಿಯ ಕಡೆ ನೋಡುತ್ತಿದ್ದರು, ಮೇಜಿನ ಮೇಲಿನ ವಾಚುಗಳನ್ನು ಯಾರಾದರೂ ಎತ್ತಿಕೊಂಡು ಹೋದಾರೆಂದು. ಅಷ್ಟರಲ್ಲಿ ನಾನು ಒಂದರ ಬದಲು ಎರಡು ಒತ್ತುತ್ತಿದ್ದೆ. ಹೆಚ್ಚಿಗೆ ಬಂದ ಹಾಳೆಯನ್ನು ಟೇಬಲ್ಲಿನ ಕೆಳಗೆ ಸರಿಸುತ್ತಿದ್ದೆ. ಅವರು ಹನ್ನೊಂದು ವರ್ಷದಿಂದ ಹೇಳುತ್ತಿದ್ದ ಕೆಲಸವನ್ನು ನಾನು ಕೊನೆಗೂ ಮಾಡತೊಡಗಿದ್ದೆ.

ಚರ್ಮದ ಡಾಕ್ಟರ ಚೀಟಿಯಲ್ಲಿ ಉಗುರಿನ ಸೋಂಕು ಎಂದಿತ್ತು, ಹಚ್ಚಲು ಮುಲಾಮು. ಅದರಲ್ಲಿ ಉಗುರು ಬಿಟ್ಟರೆ ಬೇರೆ ಮಾತಿಲ್ಲ. ಇಂದಿರಾನಗರದ ಹಲ್ಲಿನ ಡಾಕ್ಟರ ಚೀಟಿಯಲ್ಲಿ, ನಾಲ್ಕು ತಿಂಗಳಿಂದ ಬಾಯಲ್ಲಿ ವಾಸಿಯಾಗದ ಹುಣ್ಣುಗಳು, ಚರ್ಮದ ತಜ್ಞರಿಗೆ ತೋರಿಸುವುದು ಎಂದಿತ್ತು. ಅದರಲ್ಲಿ ಉಗುರಿನ ಮಾತೇ ಇಲ್ಲ. ಅವರ ಊಟದ ಡಬ್ಬಿಯಲ್ಲಿ ಮುದ್ದೆ ಸೊಪ್ಪಿನ ಸಾರು ಮಾಯವಾಗಿ ಬರೀ ತಣ್ಣನೆಯ ಮೊಸರನ್ನ ಬರುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಇನ್ನೊಂದು ದಿನ ಹಲಗೆಯ ಆಚೆಯಿಂದ ಮೆಡಿಕಲ್ ಶಾಪಿನವನ ಹತ್ತಿರ ಫೋನಿನಲ್ಲಿ “ಬೆನ್ನ ಮೇಲೆ ಬಿಸಿನೀರು ಬಿದ್ದು ಗುಳ್ಳೆ ಎದ್ದಿದೆ” ಎಂದು ಅವರು ಹೇಳುವುದು ಕೇಳಿಸಿತು. ಬೆನ್ನಿನ ಮೇಲೆ ಬಿಸಿನೀರು ಬಿದ್ದಿರಲಿಲ್ಲ. ಅವರು ಸ್ನಾನ ಮಾಡುತ್ತಿದ್ದುದೇ ತಣ್ಣೀರಿನಲ್ಲಿ.

ಹಾಗೇ ಸುತ್ತಿ ಬಳಸಿ ಕೇಳಿದೆ. “ಅಣ್ಣ, ಡಾಕ್ಟ್ರ ಹತ್ರ ಎಲ್ಲಾ ಹೇಳ್ತೀರಿ ತಾನೇ?”

“ಯಾಕ್ ಹೇಳ್ಬೇಕು? ನಾನು ವಾಚು ತಂದೋರ್ನ ಏನಾಗಿದೆ ಅಂತ ಕೇಳ್ತೀನಾ? ಕೆಲಸ ಗೊತ್ತಿರೋನು ಕಂಡುಹಿಡೀಲಿ. ಎಲ್ಲಾ ನಾನೇ ಹೇಳಿದ್ರೆ, ನಾನು ಹೇಳಿದ್ದನ್ನೇ ಇಂಗ್ಲಿಷಲ್ಲಿ ಬರ್ದು ಕೊಡ್ತಾರೆ. ಒಬ್ಬೊಬ್ರಿಗೆ ಒಂದೊಂದು ತೋರ್ಸಿದೀನಿ. ಯಾರು ಸರಿ ಅಂತ ಆಮೇಲೆ ನೋಡ್ತೀನಿ.”

ಮೂರು ಗಡಿಯಾರದ ಲೆಕ್ಕವನ್ನೇ ಡಾಕ್ಟರಿಗೂ ಹಾಕಿದ್ದರು. ಉಗುರು ಒಬ್ಬರಿಗೆ, ಬಾಯಿ ಇನ್ನೊಬ್ಬರಿಗೆ, ಬೆನ್ನು ಮೆಡಿಕಲ್ ಶಾಪಿನವನಿಗೆ. ಮೂರನ್ನೂ ಜೋಡಿಸಿ ನೋಡಬಲ್ಲವಳು ನಾನೊಬ್ಬಳೇ. ಹೇಳೋಣವೆಂದರೆ, ನಿನಗೆ ಹೇಗೆ ಗೊತ್ತು ಎನ್ನುವ ಪ್ರಶ್ನೆ ಮೊದಲು ಬರುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಎರಡು ತಿಂಗಳು ಸುಮ್ಮನಿದ್ದೆ. ಆ ಎರಡು ತಿಂಗಳಿಗೆ ನನಗೆ ಇವತ್ತಿಗೂ ಕ್ಷಮೆಯಿಲ್ಲ.

ಒಂದು ಬೆಳಿಗ್ಗೆ ಹಲಗೆಯ ಆಚೆ ಒಬ್ಬ ಗಿರಾಕಿ ಕೂತಿದ್ದ. ಟಕ್ ಎನ್ನುವ ಸದ್ದಿಗೆ ನನ್ನ ಕಿವಿ ರೂಢಿಯಾಗಿತ್ತು, ಅದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗಿರಾಕಿ ಎದ್ದು ಹೋದ. “ಗಿರಿಜಾ” ಎಂದು ಮೆಲ್ಲಗೆ ಕರೆದರು. ಹೋಗಿ ನೋಡಿದರೆ ಮೇಜಿನ ಮೇಲೆ ವಾಚು, ಅದರ ಮುಚ್ಚಳದ ಸಂದಿಯಲ್ಲಿ ಸಿಕ್ಕಿಕೊಂಡು ನಿಂತಿದ್ದ ಉಗುರು. ಬುಡಸಮೇತ ಕಳಚಿ ಬಂದಿತ್ತು. ರಕ್ತ ಹೆಚ್ಚಿರಲಿಲ್ಲ. ಬರಿದಾದ ಹೆಬ್ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು.

“ನಲವತ್ತು ವರ್ಷದ್ದಮ್ಮ. ಇದಿಲ್ದೆ ನಂಗೆ ಕೆಲಸ ಬರಲ್ಲ” ಎಂದರು.

ಆ ದಿನ ನಾನು ಅವರ ಕೈ ಹಿಡಿದುಕೊಂಡೆ. ಸ್ಪಿರಿಟ್ ನೆನಪಾಗಲಿಲ್ಲ.

ಶಿವಾಜಿನಗರದ ಕಡೆಯ ದೊಡ್ಡ ಆಸ್ಪತ್ರೆಗೆ ಹೋಗುವುದೆಂದು ತೀರ್ಮಾನವಾಯಿತು. ರತ್ನಕ್ಕನಿಗೆ ಮಂಡಿನೋವು, ಜೊತೆಗೆ ನಾನು ಹೊರಟೆ. ಉಗುರಿನ ಜೆರಾಕ್ಸುಗಳ ಕಟ್ಟನ್ನು ಮುನಿರಾಜಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗವಚಿಕೊಂಡಿದ್ದರು. ಆಟೋದಲ್ಲಿ ಮೂರು ಸಲ ಹೇಳಿದರು, “ಬರೀ ಉಗುರು ತೋರಿಸ್ತೀನಿ. ನೀನು ಬಾಯಿ ಬಿಡ್ಬೇಡ.” ನನ್ನ ಬ್ಯಾಗಿನಲ್ಲಿ ನಾನು ಕದ್ದಿಟ್ಟ ಹಲ್ಲಿನ ಡಾಕ್ಟರ ಚೀಟಿಯ ಕಾಪಿ ಇತ್ತು. ಅದನ್ನು ತರುವಾಗಲೂ ತೆಗೆಯುತ್ತೇನೋ ಇಲ್ಲವೋ ಎಂಬುದು ನನಗೇ ಗೊತ್ತಿರಲಿಲ್ಲ.

ಡಾಕ್ಟರು ನಡುವಯಸ್ಸಿನ ಹೆಂಗಸು, ಅವಸರದವರಲ್ಲ. ಹಾಳೆಗಳನ್ನು ಮೇಜಿನ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಹರಡಿದರು. ಮೊದಲ ಹಾಳೆಯಲ್ಲಿ ಉಗುರಿನ ಬುಡದ ಹತ್ತಿರವಿದ್ದ ಗೆರೆ ತಿಂಗಳು ತಿಂಗಳಿಗೆ ತುದಿಯ ಕಡೆ ಸರಿಯುತ್ತ ಹೋಗಿತ್ತು. ಅದರ ಹಿಂದೆಯೇ ಇನ್ನೊಂದು ಗೆರೆ ಹುಟ್ಟಿತ್ತು.

“ಇಷ್ಟು ಚೆನ್ನಾಗಿ ಯಾರೂ ತಂದು ತೋರಿಸಿಲ್ಲ ಯಜಮಾನ್ರೇ. ಉಗುರಿನ ಬುಡಕ್ಕೆ ಏಟು ಬಿದ್ದಾಗ ಇಂಥ ಗೆರೆ ಹುಟ್ಟುತ್ತೆ, ಉಗುರು ಬೆಳೆದ ಹಾಗೆ ಅದೂ ಮುಂದೆ ಹೋಗುತ್ತೆ. ನಿಮಗೆ ಎರಡು ಸಲ ಆಗಿದೆ. ಆವಾಗ ಮೈಯಲ್ಲಿ ಬೇರೆ ಏನಾದ್ರೂ ತೊಂದರೆ ಇತ್ತಾ?”

“ಇಲ್ಲ ಮೇಡಂ.”

“ಗುಳ್ಳೆಗಿಳ್ಳೆ?”

“ಇಲ್ಲ.”

“ಬಾಯಲ್ಲಿ ಹುಣ್ಣು?”

ಮುನಿರಾಜಣ್ಣ ತುಟಿ ಬಿಗಿಹಿಡಿದು ತಲೆಯಾಡಿಸಿದರು. ಮಾತಾಡಿದರೆ ಉರಿಯುತ್ತದೆಂದು ಹಾಗೆ ಬಿಗಿಹಿಡಿದಿದ್ದಾರೆ ಎಂದು ನನಗೆ ಗೊತ್ತಿತ್ತು. ಡಾಕ್ಟರು ಪೆನ್ನು ಕೈಗೆತ್ತಿಕೊಂಡರು. ಮತ್ತೊಂದು ಮುಲಾಮು ಬರೆಯುತ್ತಾರೆ, ನಾವು ಮತ್ತೆ ಆಟೋ ಹತ್ತುತ್ತೇವೆ ಅನ್ನಿಸಿತು. ಬ್ಯಾಗು ತೆಗೆದು ಕಾಪಿಯನ್ನು ಮೇಜಿನ ಮೇಲಿಟ್ಟೆ. “ಬೆನ್ನ ಮೇಲೂ ಗುಳ್ಳೆ ಇದೆ ಮೇಡಂ. ಬಿಸಿನೀರು ಬಿದ್ದಿದ್ದಲ್ಲ.”

ಮುನಿರಾಜಣ್ಣ ಚೀಟಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಇದ್ದದ್ದು ಒಂದು ತರಹದ ಸಮಾಧಾನ, ಹಳೆಯ ಲೆಕ್ಕ ತಾಳೆಯಾದವರ ಸಮಾಧಾನ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಹೇಳಿರ್ಲಿಲ್ವಾ, ಒಂದು ಎಕ್ಸ್‌ಟ್ರಾ ಇಟ್ಕೋತೀಯ ಅಂತ” ಎಂದರು.

ಡಾಕ್ಟರು ಬಾಯಿ ತೆರೆಸಿದರು. ಒಸಡು, ಕೆನ್ನೆಯ ಒಳಬದಿ ಎಲ್ಲ ಸಿಪ್ಪೆ ಸುಲಿದ ಹಾಗಿತ್ತು. ಅಂಗಿ ಬಿಚ್ಚಿಸಿದರು. ಒಂದು ಗುಳ್ಳೆಯ ಪಕ್ಕದ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಸರಿಸಿದಾಗ, ಚೆನ್ನಾಗಿದ್ದ ಚರ್ಮವೂ ಹಾಗೇ ಜಾರಿ ಬಂತು. ಡಾಕ್ಟರ ಮುಖ ಗಂಭೀರವಾಯಿತು. ಅವತ್ತೇ ದಾಖಲು ಮಾಡಿಕೊಂಡರು, ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ರತ್ನಕ್ಕನನ್ನೂ ನನ್ನನ್ನೂ ಮಂಚದ ಪಕ್ಕ ನಿಲ್ಲಿಸಿ ಹೇಳಿದರು. ಕಾಯಿಲೆಯ ಹೆಸರು ಪೆಂಫಿಗಸ್.

“ಚರ್ಮದ ಕಣಕ್ಕೂ ಕಣಕ್ಕೂ ನಡುವೆ ಅಂಟು ಇರುತ್ತೆ. ಮೈ ಕಾಯೋ ಶಕ್ತಿ ಇದೆಯಲ್ಲ, ಅದು ಆ ಅಂಟನ್ನೇ ಶತ್ರು ಅಂದ್ಕೊಂಡು ಹೊಡೀತಾ ಇದೆ. ಬಾಯಿ, ಬೆನ್ನು, ಉಗುರು ಮೂರೂ ಅದರದ್ದೇ ಕೆಲಸ. ಇದು ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಇನ್ನೂ ತಡ ಮಾಡಿದ್ರೆ ಜೀವಕ್ಕೇ ಕಷ್ಟ ಆಗ್ತಿತ್ತು.”

“ಅಂದ್ರೆ ನನ್ನ ಮೈಗೂ ನನ್ನ ಮೇಲೆ ಅನುಮಾನ ಬಂದಿದೆ ಅನ್ನಿ” ಎಂದರು ಮುನಿರಾಜಣ್ಣ. ಡಾಕ್ಟರಿಗೆ ನಗು ಬಂತು. ರತ್ನಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನ್ನ ಕಡೆ ಮುನಿರಾಜಣ್ಣ ತಿರುಗಲಿಲ್ಲ.

ಮೂರು ವಾರ ಆಸ್ಪತ್ರೆಯಲ್ಲಿದ್ದು ಬಂದರು. ಮಾತ್ರೆಗಳಿಗೆ ಮುಖ ಪೂರಿಯಂತೆ ಉಬ್ಬಿತ್ತು. ಅಂಗಡಿ ತೆರೆದರು, ಚಾಕುವಿನಿಂದ ಕೆಲಸ ಮಾಡತೊಡಗಿದರು, ನನ್ನ ಜೊತೆ ಮಾತು ಬಿಟ್ಟರು. ಆಸ್ಪತ್ರೆಯ ಕಾಗದಗಳನ್ನು ಮತ್ತೆ ಹಲಸೂರು ಕೆರೆಯ ತನಕ ಒಯ್ದು ಜೆರಾಕ್ಸ್ ಮಾಡಿಸಿಕೊಂಡು ನನ್ನ ಅಂಗಡಿಯ ಮುಂದೆಯೇ ಹಾದು ಹೋಗುತ್ತಿದ್ದರು. ಜೀವ ಉಳಿಸಿದೆ ಎಂಬ ಹೆಮ್ಮೆ ನನಗಿರಲಿಲ್ಲ, ಕದ್ದೆ ಎಂಬ ಅವಮಾನವಿತ್ತು. ಅವರ ಬಾಯಿಂದ ಎರಡು ಬೈಗುಳ ಬಂದಿದ್ದರೂ ಸಾಕಿತ್ತು, ಉಗುರುಸುತ್ತಿನ ಮೇಲೆ ಒನಕೆ ಏಟಿನಂತೆ ಆ ಮೌನ. ನೀರಿನ ಕ್ಯಾನನ್ನು ಮಾತ್ರ ಮತ್ತೆ ಇಬ್ಬರಿಗೂ ಒಂದೇ ಮಾಡಿದೆ. ಟೀ ಅಂಗಡಿಯವನಿಗೆ ಜೋರು ಮಾಡಿ ಗಾಜಿನ ಲೋಟ ಕೊಡಿಸಿದೆ. ಊಟದ ಹೊತ್ತಿಗೆ ಹಲಗೆಯ ಸಂದಿಯಿಂದ ಸೊಪ್ಪಿನ ಸಾರಿನ ವಾಸನೆ ಬಂದ ದಿನ ನಾನು ಊಟ ಮಾಡುವುದನ್ನೇ ಮರೆತು ಕೂತಿದ್ದೆ.

ಮುನಿರಾಜಣ್ಣ ಈಗಿಲ್ಲ. ಚರ್ಮ ವಾಸಿಯಾಗಿ ವರ್ಷ ತುಂಬುವುದರೊಳಗೆ ಒಂದು ಜ್ವರ ಬಂತು, ಎದೆಗಿಳಿಯಿತು, ನಾಲ್ಕೇ ದಿನ. ಹಲಗೆಯ ಆಚೆ ಈಗ ಮೊಬೈಲ್ ಕವರ್ ಮಾರುತ್ತಾರೆ. ಮೂರು ಗಡಿಯಾರಗಳನ್ನು ರತ್ನಕ್ಕ ಮನೆಗೆ ಒಯ್ದರು, ಮೂರಕ್ಕೂ ಕೀ ಕೊಡುತ್ತಾರಂತೆ.

ಆ ಜ್ವರಕ್ಕೆ ಎರಡು ವಾರ ಮುಂಚೆ, ಬೆಳಿಗ್ಗೆ ನಾನು ಷಟರ್ ಎತ್ತುತ್ತಿದ್ದಾಗ ಅವರು ನನ್ನ ಮುಂದೆ ಬಂದು ನಿಂತರು. ಏಳು ತಿಂಗಳ ಮೇಲೆ. ಕೈಯಲ್ಲಿ ಯಾರದೋ ವಾಚು. ಹೆಬ್ಬೆರಳನ್ನು ಅದರ ಸಂದಿಗಿಟ್ಟು ಮೀಟಿದರು. ಟಕ್. ಉಗುರು ಮತ್ತೆ ಬೆಳೆದಿತ್ತು, ಇನ್ನೂ ಎಳೆಯದು, ಬಿಳಿಯದು. ಅದರ ಮೇಲೆ ಒಂದೂ ಗೆರೆಯಿರಲಿಲ್ಲ. ಅವರು ಒಳಗೆ ಬಂದು ಎರಡು ಕೈಗಳನ್ನೂ ಗಾಜಿನ ಮೇಲೆ ಊರಿದರು.

ನಾನು ಗುಂಡಿ ಒತ್ತಲು ಕೈ ಚಾಚಿದೆ.

“ಎರಡು ಒತ್ತು” ಎಂದರು. “ಒಂದು ನೀನಿಟ್ಕೋ. ಕದಿಯೋ ಕಷ್ಟ ನಿಂಗ್ಯಾಕೆ.”

ಎರಡು ಒತ್ತಿದೆ. ಮಿಷಿನ್ನು ಬೆಳಕು ಹಾಯಿಸುವಾಗ ಅವರು ತಮ್ಮ ಅಂಗಡಿಯ ಕಡೆ ತಿರುಗಲಿಲ್ಲ. ಬಗ್ಗಿ, ಎರಡೇ ಬರುತ್ತವೆಯೋ ಇಲ್ಲವೋ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.